ಕೆಳಮನೆಯಾಕೆಯ ಹನ್ನೊಂದು ದೂರು

ಲಾಂಡ್ರಿಯಲ್ಲಿ ಅವನ ಕೆಲಸ ಆಸ್ಪತ್ರೆಯ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕುವುದು. ಊರಿಗೆ ಫೋನು ಮಾಡಿದಾಗ ಮಾತ್ರ ಅದು ‘ಆಸ್ಪತ್ರೆ ಕೆಲಸ’ ಆಗುತ್ತಿತ್ತು. ಅಮ್ಮ ಅದನ್ನು ಇನ್ನೆಷ್ಟು ಮೇಲಕ್ಕೇರಿಸಿದ್ದಳೋ, ದೂರದ ಚಿಕ್ಕಮ್ಮನೊಬ್ಬಳು ಫೋನಿನಲ್ಲಿ ಮಂಡಿನೋವಿಗೆ ಮಾತ್ರೆ ಕೇಳಿದ್ದಳು. ಬಿಸಿನೀರಿನ ಶಾಖ ಕೊಡಿ ಎಂದು ಅವನೂ ಧೈರ್ಯವಾಗಿ ಹೇಳಿದ್ದ. ದಿನಕ್ಕೆ ಎಂಟು ಗಂಟೆ ಹಬೆಯಲ್ಲಿ ಬೇಯುವವನಿಗೆ ಅಷ್ಟು ಹೇಳುವ ಅಧಿಕಾರವಿಲ್ಲವೇ?

ರೂಮಿನಲ್ಲಿ ಅವನಿಗೆ ಇಟ್ಟ ಹೆಸರು ಗರಿಗರಿ. ಇಡೀ ದಿನ ಕಂಡವರ ಬಟ್ಟೆ ತಿಕ್ಕುವವನು ಬೆಳಿಗ್ಗೆ ಐದಕ್ಕೇ ಎದ್ದು, ನೆಲದ ಮೇಲೆ ಟವೆಲ್ ಹಾಸಿಕೊಂಡು, ತನ್ನ ಅಂಗಿಗೂ ದಡ್ ದಡ್ ಎಂದು ಇಸ್ತ್ರಿ ಕುಟ್ಟುತ್ತಿದ್ದ. ಲಾಂಡ್ರಿಗೆ ಹೋದ ಕೂಡಲೇ ಆ ಅಂಗಿಯ ಮೇಲೆ ನೀಲಿ ಗೌನು ಬೀಳುತ್ತಿತ್ತು. ಗರಿ ಕಾಣುವುದು ಬಸ್ಸಿನವರಿಗೆ ಮಾತ್ರ. ಅವರು ಅವನ ಪಕ್ಕ ಸೀಟು ಖಾಲಿಯಿದ್ದರೂ ನಿಂತೇ ಹೋಗುತ್ತಿದ್ದರು.

ರೂಮು ಭಾವನ ಹೆಸರಿನಲ್ಲಿತ್ತು. ಅಕ್ಕನ ಗಂಡ, ಗರಿಗರಿಯನ್ನು ಈ ದೇಶಕ್ಕೆ ಕರೆಸಿಕೊಂಡವನೂ ಅವನೇ. ಬಾಡಿಗೆ ಕರಾರಿನಂತೆ ಅಲ್ಲಿ ಇಬ್ಬರಷ್ಟೇ ಇರಬಹುದಿತ್ತು. ಇದ್ದವರು ಐವರು. ಹಾಗಾಗಿ ಯಾರೇ ಬಾಗಿಲು ತಟ್ಟಲಿ, ಮೂರು ನಿಮಿಷದ ಕವಾಯತು ಶುರುವಾಗುತ್ತಿತ್ತು. ಹಾಸಿಗೆಗಳು ಸುರುಳಿ ಸುತ್ತಿಕೊಂಡು ಬೀರುವಿನ ಹಿಂದೆ, ಹೆಚ್ಚುವರಿ ಹಲ್ಲುಜ್ಜುವ ಬ್ರಷ್ಷುಗಳು ಕೆಟಲಿನೊಳಗೆ, ಚಪ್ಪಲಿಗಳು ಬಕೆಟ್ಟಿಗೆ, ಬಕೆಟ್ಟಿನ ಮೇಲೆ ಒದ್ದೆ ಬಟ್ಟೆ. ನಾಲ್ಕು ವರ್ಷದಿಂದ ಭಾವ ಇದನ್ನು ನಡೆಸಿಕೊಂಡು ಬಂದಿದ್ದ, ಒಮ್ಮೆಯೂ ಸಿಕ್ಕಿಬಿದ್ದಿರಲಿಲ್ಲ.

ಗರಿಗರಿಯ ವಾಸದ ಕಾರ್ಡು ಆ ಶುಕ್ರವಾರಕ್ಕೆ ಮುಗಿಯುತ್ತಿತ್ತು. ಮುಂದುವರಿಯಬೇಕಾದರೆ ಒಂದು ವರ್ಷದಿಂದ ಒಂದೇ ವಿಳಾಸದಲ್ಲಿ ಇದ್ದೇನೆಂದು ರುಜುವಾತು ಮಾಡಬೇಕು. ಆಗದಿದ್ದರೆ ಕೆಲಸ ಹೋಯಿತು. ಕೆಲಸದ ಬೆನ್ನಿಗೇ ಅವನೂ ವಿಮಾನ ಹತ್ತಬೇಕು. ಭಾವ ಕಾಗದಕ್ಕೆ ಸಹಿ ಹಾಕಲು ಒಪ್ಪಲಿಲ್ಲ. “ಬರವಣಿಗೇಲಿ ಏನೂ ಕೇಳ್ಬೇಡ ಕಣೋ. ತನಿಖೆಯವನು ಬರ್ಲಿ, ಎರಡನೆಯವನು ನೀನೇ ಅಂತ ಬಾಯಲ್ಲಿ ಹೇಳ್ತೀನಿ,” ಎಂದ.

ತನಿಖೆಯವನು ಹೇಳದೆ ಕೇಳದೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಂದ. ಗರಿಗರಿ ಲಾಂಡ್ರಿಯಲ್ಲಿದ್ದ, ಭಾವ ಒಬ್ಬನೇ ಮನೆಯಲ್ಲಿದ್ದ. ಬಾಗಿಲು ತಟ್ಟಿದ ಸದ್ದಿಗೆ ಭಾವನ ಕೈಕಾಲು ತಾವಾಗಿಯೇ ಓಡಾಡಿದವು. ಗರಿಗರಿಯ ಹಾಸಿಗೆ, ಬ್ರಷ್ಷು, ಚಪ್ಪಲಿ, ಕೊನೆಗೆ ಇಸ್ತ್ರಿಪೆಟ್ಟಿಗೆ ಕೂಡ ಮಾಯ. ತನಿಖೆಯವನು ಕಾಗದ ನೋಡಿ ಹೆಸರು ಓದಿದಾಗ ಬಾಯಿಯೂ ಹಳೇ ಜಾಡಿನಲ್ಲೇ ಉರುಳಿತು: “ಆ ಹೆಸರಿನವರು ಯಾರೂ ಇಲ್ಲಿಲ್ಲ ಸಾರ್.”

“ಹೇಳಿದ್ಮೇಲೆ ಹೊಳೀತು ಕಣೋ,” ಎಂದ ಭಾವ ಸಂಜೆ, ಹಣೆ ಚಚ್ಚಿಕೊಳ್ಳುತ್ತ.

“ಹಿಂದೇನೇ ಓಡಿಹೋಗಿ ಹೇಳ್ಬಾರ್ದಿತ್ತಾ ಭಾವ?”

“ಏನಂತ? ಈಗಷ್ಟೇ ಸುಳ್ಳು ಹೇಳ್ದೆ ಅಂತಲಾ? ನನ್ನ ಕಾರ್ಡೂ ಹೋಗ್ಲಿ ಅಂತೀಯಾ?”

ಮಂಗಳವಾರ ಕಚೇರಿಯಲ್ಲಿ ಗಾಜಿನ ಹಿಂದಿನ ಗುಮಾಸ್ತೆ ಅವನ ಕಡತವನ್ನು ಒಂದೇ ಬೆರಳಿನಿಂದ ಇತ್ತ ತಳ್ಳಿದಳು. “ನೀನು ಅಲ್ಲಿಲ್ಲ.”

“ಇದ್ದೀನಿ ಮೇಡಂ. ಅಲ್ಲಿಂದಲೇ ಬಂದೆ.”

“ತನಿಖೆ ಕಾಗದ ‘ಇಲ್ಲ’ ಅನ್ನುತ್ತೆ. ನಿನ್ನ ಹೆಸರು, ಆ ಬಾಗಿಲ ನಂಬರು, ತಾರೀಖು, ಮೂರೂ ಇರೋ ಕಾಗದ ತಗೊಂಡು ಬಾ. ಸಂಬಂಧಿಕರು ಬರ್ಕೊಟ್ಟಿದ್ದು ನಡೆಯಲ್ಲ. ಗುರುವಾರ ಕೊನೆ. ಮುಂದಿನವರು!”

ಹೆಸರು, ನಂಬರು, ತಾರೀಖು. ಬಸ್ಸಿನಲ್ಲಿ ಅರ್ಧ ದಾರಿ ಬಂದಮೇಲೆ ಅವನಿಗೆ ಕೆಳಮನೆಯಾಕೆ ನೆನಪಾದಳು. ಬೆಳಗಿನ ಐದರ ದಡ್ ದಡ್ ಬೀಳುತ್ತಿದ್ದುದು ಆಕೆಯ ನೆತ್ತಿಯ ಮೇಲೆಯೇ. ಒಂದು ವರ್ಷದ ಹಿಂದೆ ಆಕೆ ಮೆಟ್ಟಿಲಲ್ಲಿ ಅಡ್ಡಗಟ್ಟಿ, ನೋಟುಪುಸ್ತಕ ಚಾಚಿ, ಹೆಸರು ಬರಿ ಎಂದಿದ್ದಳು. ಈ ದೇಶದಲ್ಲಿ ತನ್ನ ಹೆಸರು ಕೇಳಿದ ಮೊದಲ ವ್ಯಕ್ತಿ ಆಕೆಯೆಂದು ಹಿಗ್ಗಿಹೋಗಿ ಅವನು ಅಕ್ಷರ ಬಿಡಿಸಿ, ಮುದ್ದಾಗಿ ಬರೆದುಕೊಟ್ಟಿದ್ದ. ಅಂದಿನಿಂದ ಕಟ್ಟಡದ ಕಚೇರಿಗೆ ಆಕೆಯ ದೂರುಗಳು ಹೋಗತೊಡಗಿದ್ದವು; ಅಲ್ಲಿಯವರು ಮೊಹರು ಒತ್ತಿ, ಓದದೆ ಪಕ್ಕಕ್ಕಿಡುತ್ತಿದ್ದರು.

ಆಕೆ ಬಾಗಿಲನ್ನು ಸರಪಳಿಯಷ್ಟೇ ತೆರೆದಳು. “ಕ್ಷಮೆ ಕೇಳೋಕೆ ಬಂದ್ಯಾ?”

“ಇಲ್ಲ ಮೇಡಂ. ನನ್ನ ಮೇಲಿನ ದೂರುಗಳ ಪ್ರತಿ ಬೇಕಿತ್ತು. ಕಾರ್ಡಿನ ಕಚೇರಿಗೆ ಕೊಡ್ಬೇಕು.”

ಆಕೆಯ ಮುಖದಲ್ಲಿ ಇಷ್ಟು ದಿನ ಕಾಣದ ಬೆಳಕು ಕಂಡಿತು. “ಕಾರ್ಡಿನ ಕಚೇರಿಗಾ? ಓದಿದ್ಮೇಲೆ ನಿನ್ನನ್ನ ಒಂದು ನಿಮಿಷ ಇಟ್ಕೊಳಲ್ಲ ಅವರು.”

“ಓದ್ಲಿ ಮೇಡಂ.”

ಹನ್ನೊಂದು ದೂರು, ಹನ್ನೊಂದರಲ್ಲೂ ಅವನ ಹೆಸರು, ಬಾಗಿಲ ನಂಬರು, ತಾರೀಖು, ಕಟ್ಟಡದ ಕಚೇರಿಯ ಮೊಹರು. ಇಂಥ ಅಚ್ಚುಕಟ್ಟಾದ ಜೀವನಚರಿತ್ರೆಯನ್ನು ಹೆತ್ತಮ್ಮನೂ ಬರೆದಿಟ್ಟಿರಲಾರಳು. ಎಂಟನೆಯದರಲ್ಲಿ ಮಾತ್ರ ಹೀಗಿತ್ತು: ‘ಇಬ್ಬರ ರೂಮಿನಲ್ಲಿ ಐವರಿದ್ದಾರೆ. ಮೆಟ್ಟಿಲ ಮೇಲೆ ನಾನೇ ಎಣಿಸಿದ್ದೇನೆ.’

“ಇದೊಂದನ್ನ ಬಿಟ್ಟು ಕೊಡ್ತೀರಾ?”

“ಪುಟಕ್ಕೆ ನಂಬರು ಹಾಕಿದೀನಿ. ತಗೊಂಡ್ರೆ ಎಲ್ಲಾ, ಇಲ್ಲಾಂದ್ರೆ ನಡಿ.”

ಅವನು ಅದನ್ನು ಭಾವನಿಗೆ ಮುಚ್ಚಿಡಲಿಲ್ಲ. ಭಾವ ಎಂಟನೆಯ ಪುಟವನ್ನು ಎರಡು ಸಲ ಓದಿದ. ಕೂಗಾಡಿದ್ದರೆ ಚೆನ್ನಾಗಿತ್ತು.

“ನಿನ್ನನ್ನ ಇಲ್ಲಿಗೆ ತಂದವನು ನಾನು.”

“ಇಲ್ಲಿ ಇಲ್ಲ ಅಂದವರೂ ನೀವೇ ಭಾವ.”

“ಬಾಯಿ ತಪ್ಪಿ ಅಂದೆ. ನೀನು ಗೊತ್ತಿದ್ದೂ ಕೊಡ್ತಿದೀಯ. ಇದನ್ನ ಕೊಟ್ರೆ ಈ ಬಾಗಿಲು ನಿನಗೆ ಮುಚ್ತು. ನಿಮ್ಮಕ್ಕನಿಗೆ ಏನು ಹೇಳ್ತೀಯೋ ಯೋಚ್ನೆ ಮಾಡ್ಕೋ.”

ಅವನು ಗುರುವಾರದವರೆಗೂ ಯೋಚಿಸಿದ. ಅಕ್ಕನಿಗೆ ಹೇಳಬಹುದಾದ ಒಂದು ಮಾತೂ ಸಿಗಲಿಲ್ಲ. ಅಂಗಿಗೆ ಇಸ್ತ್ರಿ ಮಾತ್ರ ಹಾಕಿಕೊಂಡು ಹೋಗಿ ಹನ್ನೊಂದನ್ನೂ ಕೊಟ್ಟ.

ಗುಮಾಸ್ತೆ ನಿಧಾನವಾಗಿ, ರುಚಿ ನೋಡುವವಳಂತೆ ಓದಿದಳು. “ದಿನಾ ಬೆಳಿಗ್ಗೆ ಐದಕ್ಕಾ? ಛೇ, ಎಂಥ ಪೀಡೆಯಯ್ಯಾ ನೀನು,” ಎಂದು ಕಾರ್ಡಿಗೆ ಮೊಹರು ಒತ್ತಿದಳು. ಆಮೇಲೆ ಎಂಟನೆಯ ಪುಟದ ತುದಿ ಮಡಚಿ ಬೇರೆ ಟ್ರೇಗೆ ಹಾಕಿದಳು. “ಇದು ವಸತಿ ವಿಭಾಗಕ್ಕೆ ಹೋಗುತ್ತೆ. ವಿಳಾಸ ಬದಲಾದ್ರೆ ಹತ್ತು ದಿನದೊಳಗೆ ಇಲ್ಲಿ ಬಂದು ತಿಳಿಸ್ಬೇಕು. ಗೊತ್ತಾಯ್ತಾ?”

ವಾಪಸು ಬಂದಾಗ ಅವನ ಸೂಟ್‌ಕೇಸು ಬಾಗಿಲ ಹೊರಗಿತ್ತು, ಅದರ ಮೇಲೆ ಇಸ್ತ್ರಿಪೆಟ್ಟಿಗೆ, ವೈರು ಒಪ್ಪವಾಗಿ ಸುತ್ತಿತ್ತು. ಅವನು ಬಾಗಿಲು ತಟ್ಟಿದ. ಒಳಗೆ ಯಾರೂ ಓಡಾಡಲಿಲ್ಲ, ಏನನ್ನೂ ಬಚ್ಚಿಡಲಿಲ್ಲ.

“ಭಾವಾ…”

“ಆ ಹೆಸರಿನವರು ಯಾರೂ ಇಲ್ಲಿಲ್ಲ,” ಎಂದಿತು ಒಳಗಿನ ದನಿ. ಈ ಸಲ ಅದು ಬಾಯಿ ತಪ್ಪಿದ್ದಲ್ಲ.

ಸೂಟ್‌ಕೇಸಿನ ಚಕ್ರ ಒಂದೊಂದೇ ಮೆಟ್ಟಿಲ ಮೇಲೆ ದಡ್ ದಡ್ ಎಂದು ಬೀಳತೊಡಗಿತು. ಕೆಳಮನೆಯ ಬಾಗಿಲು ಸರಪಳಿಯಷ್ಟು ತೆರೆಯಿತು. ನೋಟುಪುಸ್ತಕ, ಪೆನ್ನು, ಆಮೇಲೆ ಮುಖ.

“ಇನ್ನೂ ಇದೀಯಾ?” ಎಂದಳಾಕೆ, ಬರೆಯಲು ಶುರುಮಾಡುತ್ತ.

“ಹೋಗ್ತಿದೀನಿ ಮೇಡಂ,” ಎಂದು ಅವನು ಸೂಟ್‌ಕೇಸನ್ನು ಇನ್ನೊಂದು ಮೆಟ್ಟಿಲು ಇಳಿಸಿದ. “ತಾರೀಖು ಮಾತ್ರ ಸರಿಯಾಗಿ ಹಾಕಿ. ಹತ್ತು ದಿನ ಇವತ್ತಿನಿಂದ ಶುರು.”