ಆಕೆಯ ದವಡೆಗೆ ಯಾರ ಎಲುಬು?

“ದನದ ಎಲುಬಾ? ಬ್ಯಾಡ್ರಿ ಡಾಕ್ಟ್ರೇ, ನಾವು ಲಿಂಗ ಕಟ್ಟಿದ ಮಂದಿ!” ಎನ್ನುತ್ತ ಆ ಹೆಂಗಸು ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿಕೊಂಡಳು.

ಅದಿರು ಲಾರಿಗಳು ಹೊಸಪೇಟೆಯನ್ನೇ ಕೆಂಪಾಗಿಸಿದ್ದ ವರ್ಷಗಳವು. ಹಲ್ಲಿನ ದವಾಖಾನೆಯಲ್ಲಿ ನಾನು ಸರದಿಗೆ ಕಾದು ಕೂತಿದ್ದೆ. ಬೈಕಿನಿಂದ ಬಿದ್ದು ಮುಂದಿನ ಹಲ್ಲುಗಳನ್ನು ಕಳೆದುಕೊಂಡಿದ್ದ ಆಕೆಯ ದವಡೆ ಸವೆದುಹೋಗಿತ್ತಂತೆ. ಹೊಸ ಹಲ್ಲಿಗೆ ಬೇರಿನಂತಿರುವ ಇಂಪ್ಲಾಂಟ್ ಕೂರಿಸುವ ಮೊದಲು ಅಲ್ಲಿ ಎಲುಬಿನ ಪುಡಿ ತುಂಬಬೇಕು, ಅದು ದನದ್ದು ಎಂದು ಡಾಕ್ಟರು ಹೇಳಿದ್ದರು. ಬೇಡವೆಂದರೆ ಆಕೆಯ ಗದ್ದವನ್ನೇ ಕೊಯ್ದು ಚೂರು ಎಲುಬು ತೆಗೆಯಬೇಕು, ನೋವು ಹೆಚ್ಚು ಎಂದರು.

ಅಂಗಿಯೆಲ್ಲ ಅದಿರಿನ ಧೂಳಾಗಿದ್ದ ಆಕೆಯ ಗಂಡ ಥಟ್ಟನೆ ಮುಂದೆ ಬಂದ. “ಆಕಿಗೆ ಮತ್ತ ನೋವು ಬ್ಯಾಡ್ರಿ. ಬೈಕ್ ಕೆಡವಿದವ ನಾನು. ನನ್ನ ಎಲುಬು ತಗೊಂಡು ಹಾಕ್ರಿ,” ಎಂದವನೇ ಬಾಯಿ ಅಗಲಿಸಿ ನಿಂತುಬಿಟ್ಟ! ಹಾಗೆಲ್ಲ ಆಗುವುದಿಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಬಾಯಿ ಮುಚ್ಚಲೊಲ್ಲ.

ಆಕೆಗೆ ನಗು ತಡೆಯಲಾಗಲಿಲ್ಲ. ಸೆರಗು ಜಾರಿ ಬೋಳು ಒಸಡು ಎಲ್ಲರಿಗೂ ಕಂಡಿತು, ಆಕೆ ಮುಚ್ಚಿಕೊಳ್ಳಲಿಲ್ಲ. “ನಂದ ಕೊಯ್ರಿ, ಡಾಕ್ಟ್ರೇ,” ಎಂದಳು.

ಆಮೇಲೆ ಹಲ್ಲು ಕೂತವೋ ಇಲ್ಲವೋ, ನನಗೆ ತಿಳಿಯಲಿಲ್ಲ. ನಗು ಮಾತ್ರ ಹಲ್ಲಿಗಿಂತ ಮೊದಲೇ ಬಂದಿತ್ತು.