ಮೂರನೆಯ ಡಬ್ಬಿ

ದೆವ್ವ, ಪಿಶಾಚಿ ಎಂದರೆ ನಗುತ್ತಿದ್ದವನು ನಾನು. ಪೊಲೀಸ್ ಇಲಾಖೆಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ಜೀವಂತ ಮನುಷ್ಯರೇ ಸಾಕುಬೇಕಾಗಿ ಹೋಗಿರುತ್ತಾರೆ. ಸತ್ತವರ ಉಸಾಬರಿ ಯಾರಿಗೆ ಬೇಕು? ಈಗಲೂ ಪೂರಾ ನಂಬುತ್ತೇನೆ ಎಂದು ಹೇಳಲಾರೆ. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ಅದು ಅಮಾವಾಸ್ಯೆಯ ರಾತ್ರಿಯೂ ಅಲ್ಲ. ತೊಂಬತ್ತರ ದಶಕದ ಕೊನೆಗೆ, ಹುಬ್ಬಳ್ಳಿಯ ಒಂದು ಠಾಣೆಯಲ್ಲಿ, ಮಟಮಟ ಮಧ್ಯಾಹ್ನ.

ಆಗ ನಾನು ಆ ಠಾಣೆಯ ರೈಟರ್, ಅಂದರೆ ಠಾಣೆಯ ಪುಸ್ತಕಗಳನ್ನೆಲ್ಲ ಬರೆಯುವವನು. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಕೂತವರು ಒಬ್ಬ ಹಳೆಯ ಹವಾಲ್ದಾರರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ಲಾಕಪ್ಪಿನಲ್ಲಿ ಕೂತ ಕಳ್ಳರೂ ಸಹ. ನನಗೆ ಕೈ ಹಿಡಿದು ಕೆಲಸ ಕಲಿಸಿದವರು ಅವರೇ. ಅಕ್ಷರ ಸೊಟ್ಟಗಾದರೆ ಬೈಯುತ್ತಿದ್ದರು, ಬೈದ ಮೇಲೆ ಚಹಾ ಕುಡಿಸುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಲಾಕಪ್ಪಿನವರ ಊಟ ಎದುರಿನ ಖಾನಾವಳಿಯಿಂದ ಬರುತ್ತಿತ್ತು. ಬೆಳಿಗ್ಗೆ ಚೀಟಿ ಕಳಿಸುವ ಮೊದಲು ಕಾಕಾ ಸರಳುಗಳ ಮುಂದೆ ನಿಂತು ಒಬ್ಬೊಬ್ಬರನ್ನೂ ಕೇಳುತ್ತಿದ್ದರು, "ಏನು ಉಣ್ತೀಯಪಾ? ರೊಟ್ಟಿ ಅಗಿಯಾಕ ಆಗತೈತಿಲ್ಲೋ?" ಆಗುವುದಿಲ್ಲ ಎಂದವನಿಗೆ ಹೊಡೆತ ಬಿದ್ದಿದೆ ಎಂದು ಅವರಿಗೆ ಅಲ್ಲೇ ತಿಳಿಯುತ್ತಿತ್ತು. ಅವನ ಹೆಸರಿಗೆ ಜೋಳದ ನುಚ್ಚು, ಮಜ್ಜಿಗೆ ಬರೆದು, ಫೌಜದಾರರ, ಅಂದರೆ ಠಾಣೆಯ ಸಬ್ ಇನ್‌ಸ್ಪೆಕ್ಟರರ, ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಳಗೆ ಏನು ಮಾತಾಡುತ್ತಿದ್ದರೋ, ಸ್ವಲ್ಪ ಹೊತ್ತಿಗೆ ಅವನನ್ನು ದವಾಖಾನೆಗೆ ಕರೆದೊಯ್ಯುತ್ತಿದ್ದರು. ಪುಸ್ತಕದಲ್ಲಿ ಹೆಸರು ಬರೆಯದೆ ಯಾರನ್ನೂ ಒಳಗೆ ಕೂರಿಸಬಾರದು ಎನ್ನುವುದೂ ಅವರದೇ ಹಟ.

ಕಾಕಾ ನಿವೃತ್ತರಾಗಿ ತಮ್ಮ ಹಳ್ಳಿ ಮುಗದಕ್ಕೆ ಹೋದರು, ವರ್ಷ ತುಂಬುವುದರೊಳಗೆ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿ ಅತ್ತು ಬಂದೆ. ಅವರ ಕುರ್ಚಿ ನನಗೆ ಬಂತು, ಹಟ ಬರಲಿಲ್ಲ.

ಆ ದಿನ ಲಾಕಪ್ಪಿನಲ್ಲಿ ಇಬ್ಬರಿದ್ದರು. ಹಿಂದಿನ ದಫ್ತರದ ಕೋಣೆಯಲ್ಲಿ ಮೂರನೆಯವನೊಬ್ಬನಿದ್ದ, ಖಾದರಸಾಬ ಎಂಬ ಗ್ಯಾರೇಜಿನ ಮೆಕ್ಯಾನಿಕ್. ಯಾರೋ ರಿಪೇರಿಗೆ ಬಿಟ್ಟ ಮೋಟರ್ ಸೈಕಲ್ಲು ಕಳವಿನದೆಂದು ಹಿಂದಿನ ಸಂಜೆ ಅವನನ್ನು ಎತ್ತಿಕೊಂಡು ಬಂದಿದ್ದರು. "ಈಗ ಬರೀಬ್ಯಾಡ್ರಿ, ಅಂವ ಮೊದಲು ಬಾಯಿ ಬಿಡ್ಲಿ" ಎಂದರು ಫೌಜದಾರರು. ನಾನು ಬರೆಯಲಿಲ್ಲ. ಬರೆದರೆ ಇಪ್ಪತ್ನಾಲ್ಕು ತಾಸಿನೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಬರೆಯದಿದ್ದರೆ ಎಷ್ಟು ದಿನ ಬೇಕಾದರೂ ಇಟ್ಟುಕೊಳ್ಳಬಹುದು. ಅವನ ಹೆಂಡತಿ ಬೆಳಿಗ್ಗೆಯಿಂದ ಅಂಗಳದ ಬೇವಿನ ಗಿಡದ ಕೆಳಗೆ ಕೂತಿದ್ದಳು. ಎರಡು ಸಲ ಒಳಗೆ ಬಂದು ಕೇಳಿದಳು. ಎರಡು ಸಲವೂ ನಾನೇ, ಈ ಬಾಯಿಂದಲೇ, "ನಿನ್ನ ಗಂಡ ಇಲ್ಲಿ ಇಲ್ಲ, ತಂಗಿ" ಎಂದೆ.

ಚೀಟಿಯನ್ನು ಖಾನಾವಳಿಗೆ ನಾನೇ ಕೊಟ್ಟು ಬಂದಿದ್ದೆ. ಎರಡು ಊಟ ಎಂದು ಬರೆದಿದ್ದೆ. ಒಂದು ಗಂಟೆಗೆ ಖಾನಾವಳಿ ನಡೆಸುವ ಗಂಗವ್ವ ತಾನೇ ಬುಟ್ಟಿ ಹೊತ್ತು ಬಂದು ಮೇಜಿನ ಮೇಲೆ ಡಬ್ಬಿ ಇಟ್ಟಳು. ಮೂರು ಡಬ್ಬಿ.

"ಅಕ್ಕಾರ, ನಾ ಬರದದ್ದು ಎರಡಲ್ರಿ?"

"ನೀ ಎರಡ ಬರದಿ, ತಮ್ಮಾ. ಮೂರನೇದ್ದು ಕಾಕಾ ಹೇಳಿದ್ರು."

ಮೂರನೆಯದರ ಮುಚ್ಚಳ ತೆಗೆದೆ. ರೊಟ್ಟಿ ಇರಲಿಲ್ಲ. ನುಚ್ಚು, ಮಜ್ಜಿಗೆ.

ಆ ಬೆಳಿಗ್ಗೆಯಷ್ಟೇ ಖಾದರಸಾಬನ ದವಡೆಗೆ ಪೆಟ್ಟು ಬಿದ್ದು ಮುಖ ಬಾತುಕೊಂಡಿತ್ತು. ಅದು ಗೊತ್ತಿದ್ದದ್ದು ಫೌಜದಾರರಿಗೆ, ಒಬ್ಬ ಕಾನ್‌ಸ್ಟೇಬಲ್‌ಗೆ ಮತ್ತು ನನಗೆ.

"ಕಾಕಾ ಹೋಗಿ ಎರಡು ವರ್ಷ ಆತಲ್ರಿ, ಅಕ್ಕಾರ."

"ನನಗ ಗೊತ್ತಿಲ್ಲೇನು? ಮಣ್ಣಿಗೆ ನಾನೂ ಬಂದಿದ್ನಿ." ಗಂಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ರೊಟ್ಟಿ ಬಡಿಯಾಕತ್ತಿದ್ನಿ. ಹಿತ್ತಲ ಬಾಗಲದಾಗ ಅವರದ ದನಿ ಕೇಳಿಸ್ತು. ಗಂಗವ್ವಾ, ಇನ್ನೊಬ್ಬಂವ ಅದಾನ, ಅವಂಗ ಅಗಿಯಾಕ ಆಗೂದಿಲ್ಲ, ಅಂದ್ರು. ಹೊಳ್ಳಿ ನೋಡಿದ್ರ ಯಾರೂ ಇಲ್ಲ. ಇಲ್ಲದಿದ್ರ ಏನಾತು? ಒಬ್ಬಂವ ಹಸದು ಕುಂತಾನ ಅಂದಮ್ಯಾಲ ಮಾಡಬೇಕಲ್ಲ. ಕೊಡು ಲಗೂ, ಆರತೈತಿ."

ನಾನು ಪುಸ್ತಕ ತೆರೆದೆ. ಖಾದರಸಾಬನ ಹೆಸರು ಬರೆದೆ. ಹಿಂದಿನ ಸಂಜೆಯ ಖರೇ ವೇಳೆಯನ್ನೇ ಬರೆದೆ, ದವಡೆಯ ಬಾವನ್ನೂ ಬರೆದೆ. ಆಮೇಲೆ ಬೇವಿನ ಗಿಡದ ಹತ್ತಿರ ಹೋಗಿ, "ನಿನ್ನ ಗಂಡ ಒಳಗ ಅದಾನ, ಬಾ" ಎಂದೆ. ಆಕೆ ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ದಫ್ತರದ ಕೋಣೆಯಲ್ಲಿ ನೆಲದ ಮೇಲೆ ಕೂತು ಆಕೆ ಗಂಡನಿಗೆ ನುಚ್ಚು ಕಲಸಿ ಚಮಚದಿಂದ ಉಣಿಸಿದಳು. ಗಂಗವ್ವ ಪಕ್ಕದಲ್ಲಿ ನಿಂತು, "ಸಾವಕಾಶ, ಸಾವಕಾಶ" ಎನ್ನುತ್ತಿದ್ದಳು.

ಫೌಜದಾರರು ಬಂದು ಕೂಗಾಡಿದರು. ಆದರೆ ಬರೆದದ್ದನ್ನು ಅಳಿಸುವಂತಿರಲಿಲ್ಲ. ಸಂಜೆಯೊಳಗೆ ಖಾದರಸಾಬನನ್ನು ಕೋರ್ಟಿಗೆ ಹಾಜರುಪಡಿಸಬೇಕಾಯಿತು. ನ್ಯಾಯಾಧೀಶರು ಅವನ ಮುಖ ನೋಡಿದವರೇ ದವಾಖಾನೆಗೆ ಕಳಿಸಿದರು. ಮುಂದೆ ಗಾಡಿ ಬಿಟ್ಟು ಹೋದವನು ಸಿಕ್ಕ, ಖಾದರಸಾಬ ಬಿಡುಗಡೆಯಾದ. ನನಗೆ ಧಾರವಾಡಕ್ಕೆ ವರ್ಗವಾಯಿತು. ಮಾಳಮಡ್ಡಿಯಲ್ಲಿ ಮನೆ ಹಿಡಿದೆ, ಏನೂ ಕಷ್ಟವಾಗಲಿಲ್ಲ.

ಹೋಗುವ ಮೊದಲು ಆ ಕಾನ್‌ಸ್ಟೇಬಲ್‌ನನ್ನು ಬಿಡದೆ ವಿಚಾರಿಸಿದೆ. ಅವನು ಖಾನಾವಳಿಯ ಕಡೆ ತಲೆಯೇ ಹಾಕಿಲ್ಲ ಎಂದು ಮಕ್ಕಳ ಮೇಲೆ ಆಣೆ ಇಟ್ಟ. ಫೌಜದಾರರಂತೂ ಗಂಗವ್ವನಿಗೆ ಹೇಳಿರುವ ಮಾತೇ ಇಲ್ಲ. ಗಂಗವ್ವನನ್ನು ಆಮೇಲೆ ಎಷ್ಟು ಸಲ ಕೇಳಿದರೂ ಅದೇ ಉತ್ತರ ಕೊಟ್ಟಳು, ಜೊತೆಗೆ ಒಂದು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ನನಗೆ ತಿಳಿಯದ್ದು ಇನ್ನೊಂದಿದೆ. ಕಾಕಾ ಬಂದದ್ದು ಖರೆಯಾದರೆ ರಸ್ತೆ ದಾಟಿ ಖಾನಾವಳಿಗೆ ಯಾಕೆ ಹೋದರು? ಅವರು ಕೈ ಹಿಡಿದು ಕಲಿಸಿದ ನಾನು ಅವರದೇ ಕುರ್ಚಿಯಲ್ಲಿ, ಅವರದೇ ಪುಸ್ತಕದ ಮುಂದೆ ಕೂತಿದ್ದೆನಲ್ಲ. ಮೊದಲು ನನಗೇ ಹೇಳಿದ್ದರೋ ಏನೋ. ನನಗೆ ಕೇಳಿಸಲಿಲ್ಲ.