ನಾಲಿಗೆಗೆ ಹತ್ತದ ಕೆಂಬಾಳೆ

ಮೊನ್ನೆ ಮಾರ್ಕೆಟ್ಟಿನಿಂದ ಕಮಲಾಪುರದ ಕೆಂಬಾಳೆ ತಂದಿದ್ದೆ. ಸಂಜೆಗೆ ಕಲಬುರಗಿಯ ಗಾಜಿಪುರದ ನಮ್ಮ ಸಣ್ಣ ಮನೆಯ ತುಂಬ ಅದೇ ವಾಸನೆ. ಕಾಕು ನೆನಪಾದಳು... ಅಪ್ಪನ ತಮ್ಮನ ಹೆಂಡತಿ. ಕಮಲಾಪುರದಲ್ಲಿ ಅವರದು ಬಾಳೆಯ ತೋಟ.

ಕಾಕು ಮಾತಿನ ಮಲ್ಲಿ. ರಜೆಗೆ ಹೋದರೆ "ಬಂತ ನೋಡ್ರಿ ಗಾಜಿಪುರದ ಸವಾರಿ" ಎಂದು ಬಾಗಿಲಲ್ಲೇ ಚ್ಯಾಷ್ಟಿ ಶುರು ಮಾಡುತ್ತಿದ್ದಳು. ಅಂಥವಳು ಒಂದು ಸಲ ನಾವು ಹೋದಾಗ ಪೂರಾ ಬದಲಾಗಿದ್ದಳು. ಹೊತ್ತು ನೆತ್ತಿಗೆ ಬಂದರೂ ಹಾಸಿಗೆ ಬಿಡುತ್ತಿರಲಿಲ್ಲ. ಎದ್ದರೆ ತಿನ್ನುವುದು, ತಿಂದು ಮತ್ತೆ ಮಲಗುವುದು, ಮಾತಾಡಿಸಿದರೆ ಸಿಡಿಮಿಡಿ. ಕಲಬುರಗಿಯ ಡಾಕ್ಟರು ಖಿನ್ನತೆ ಎಂದು ಹೇಳಿ ಗುಳಿಗೆ ಬರೆದುಕೊಟ್ಟರು.

ಮನೆಯಲ್ಲಿ ಯಾರೂ ನಂಬಲಿಲ್ಲ. ಯಾಕೆಂದರೆ ಆ ರೋಗವನ್ನು ನಾವು ಮೊದಲೇ ಕಣ್ಣಾರೆ ಕಂಡಿದ್ದೆವು, ನಮ್ಮ ಅವ್ವನಲ್ಲಿ. ಅವ್ವನಿಗೆ ಆಗ ಅನ್ನ ಸೇರುತ್ತಿರಲಿಲ್ಲ, ನಿದ್ದೆ ಹತ್ತುತ್ತಿರಲಿಲ್ಲ. ಸೊರಗಿ ಹೋಗಿ, ಕೂತಲ್ಲೇ ಅಳುತ್ತಿದ್ದಳು. ಅದೇ ಡಾಕ್ಟರ ಗುಳಿಗೆಯಿಂದ ಚೇತರಿಸಿಕೊಂಡಿದ್ದಳು. ಹಾಗಾಗಿ ಕಾಕಾ ಅತ್ತಿಗೆಯಾದ ಅವ್ವನನ್ನೇ ಕೇಳಿದ.

"ವೈನಿ, ನೀವು ಅನುಭವಿಸೀರಿ. ನೀವರ ಹೇಳ್ರಿ, ಇದು ಅದೇ ಬ್ಯಾನಿ ಏನ್ರಿ?"

"ನನಗ ಒಂದು ತುತ್ತು ಇಳೀತಿರಲಿಲ್ಲಪ್ಪ," ಅಂದಳು ಅವ್ವ. "ಇಕಿ ಉಣ್ತಾಳ, ಮಕ್ಕೋತಾಳ. ಇದು ಬ್ಯಾನಿ ಅಲ್ಲ, ಸೊಕ್ಕು."

ಸೊಕ್ಕು... ಅಲ್ಲಿಗೆ ತೀರ್ಮಾನವಾಯಿತು. ಕಣ್ಣೀರು ಬಂದರೆ ರೋಗ, ಹಸಿವಾದರೆ ಸೊಕ್ಕು. ಅಷ್ಟು ಜಾಣರು ನಾವು. ಕಾಕಾ ಗುಳಿಗೆ ತರುವುದನ್ನು ಬಿಟ್ಟ.

ಆ ಬೇಸಿಗೆಯಲ್ಲಿ ಕಾಕು ಪಡಸಾಲೆಯಲ್ಲಿ ಕೂತು ಒಂದರ ಮೇಲೊಂದು ಬಾಳೆಹಣ್ಣು ತಿನ್ನುವುದನ್ನು ನೋಡಿ ನಾನು ನಕ್ಕುಬಿಟ್ಟೆ. ಅವಳು ಸಿಟ್ಟಾಗಲಿಲ್ಲ.

"ನಾಲಿಗಿಗೆ ಏನೂ ರುಚಿ ಹತ್ತವಲ್ದು. ಮುಂದಿನ ಹಣ್ಣರ ಹತ್ತೀತೇನೋ ಅಂತ ತಿಂತೀನಿ," ಅಂದಳು.

ಅದನ್ನೂ ಅವಳ ಚ್ಯಾಷ್ಟಿ ಅಂದುಕೊಂಡೆ. ಅವ್ವನಿಗೂ ಹೇಳಲಿಲ್ಲ.

ಆಮೇಲೆ ಕಾಕು ಮಹಾಗಾಂವದ ತವರಿಗೆ ಹೋದಳು. ಮರಳಿ ಬರಲಿಲ್ಲ, ಕರೆಯಲು ಯಾರೂ ಹೋಗಲೂ ಇಲ್ಲ. ಹೋದ ವರ್ಷ ಎದೆನೋವು ಬಂದು ಅಲ್ಲೇ ತೀರಿಕೊಂಡಳು. ನಾವು ಮಣ್ಣಿಗೆ ಹೋಗಿ ಬಂದೆವು, ಅಷ್ಟೇ.

ಈ ಮಳೆಗಾಲದಲ್ಲಿ ಅವ್ವನ ರೋಗ ಮರುಕಳಿಸಿದೆ. ಆದರೆ ಈ ಸಲ ಅಳುವಿಲ್ಲ. ಮಧ್ಯಾಹ್ನದವರೆಗೆ ಮಲಗುತ್ತಾಳೆ, ಎದ್ದರೆ ಸಿಡುಕುತ್ತಾಳೆ, ಕೈಗೆ ಸಿಕ್ಕಿದ್ದನ್ನು ತಿನ್ನುತ್ತಾಳೆ. ಒಬ್ಬೊಬ್ಬರಲ್ಲಿ ಒಂದೊಂದು ಥರ, ಕೆಲವೊಮ್ಮೆ ಒಬ್ಬರಲ್ಲೇ ಒಂದೊಂದು ಸಲ ಒಂದೊಂದು ಥರ ಇರುತ್ತದೆ ಎಂದರು ಡಾಕ್ಟರು. ಈ ಮಾತನ್ನು ಅಂದೇ ಕೇಳಿ ತಿಳಿದುಕೊಳ್ಳಬಹುದಿತ್ತು.

ಮೊನ್ನೆ ಕೆಂಬಾಳೆ ಸುಲಿದು ಕೊಟ್ಟೆ. ಅವ್ವ ತಿಂದಳು, ಇನ್ನೊಂದಕ್ಕೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ನಾಲಿಗಿಗೆ ಹತ್ತವಲ್ದು," ಅಂದಳು. ಸಿಪ್ಪೆಯನ್ನು ಬದಿಗಿಟ್ಟು, "ಅಕಿಗೂ ಹಿಂಗೇ ಆಗಿತ್ತೇನೋ... ಅಕಿ ಇದ್ದಿದ್ರ ಕೇಳತಿದ್ದೆ," ಅಂದಳು.

ನಾನು ಗುಳಿಗೆ ತಂದು ಅವ್ವನ ಅಂಗೈಯಲ್ಲಿಟ್ಟೆ. ಕಾಕುವಿಗೆ ಹೀಗೆ ತಂದು ಕೊಡುವವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.